ನೆಲೆ ಬದಲಾದಾಗ ಅಣುವಿನ ಕಾಂತಗುಣ

(ನಮ್ಮ ಸಂಘದ ರಾಜ್ಯೋತ್ಸವ ಉಪನ್ಯಾಸಗಳಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ಸಾಹಿತ್ಯವನ್ನು ಕುರಿತೋ ನಾಡಿನ ಇತಿಹಾಸವನ್ನು ಕುರಿತೋ ಮಾತನಾಡುವುದು ವಾಡಿಕೆ. ಈ ಸಲ ವಿಜ್ಞಾನಕ್ಕೂ ಒಂದು ಗಳಿಗೆ ಸಲ್ಲಲಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟರು. ನಾನು ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು, ಪ್ರಯೋಗಶಾಲೆಯಲ್ಲಿ ದುಡಿದವನಲ್ಲ. ಆದರೂ ನಾನು ಆರಿಸಿಕೊಂಡಿರುವ ವಿಷಯ ಬ್ಯಾಂಕಿನ ಮೇಜಿನಿಂದ ಬಹಳ ದೂರದ್ದೇನೂ ಅಲ್ಲ.

ತಮ್ಮ ಚೆಕ್ಕು ಪುಸ್ತಕವನ್ನು ತೆರೆದು ನೋಡಿ. ಪ್ರತಿಯೊಂದು ಚೆಕ್ಕಿನ ಕೆಳ ಅಂಚಿನಲ್ಲಿ ವಿಚಿತ್ರ ಆಕಾರದ ಅಂಕಿಗಳ ಸಾಲೊಂದಿದೆ. ನಮ್ಮಲ್ಲಿ ಅದನ್ನು ಎಂ.ಐ.ಸಿ.ಆರ್. ಸಾಲು ಎನ್ನುತ್ತೇವೆ. ಆ ಸಾಲಿನ ಮಸಿಯಲ್ಲಿ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ ಬೆರೆತಿರುತ್ತದೆ. ಯಂತ್ರವು ಮೊದಲು ಆ ಮಸಿಯನ್ನು ಕಾಂತವಾಗಿಸಿ, ಆಮೇಲೆ ಒಂದೊಂದು ಅಂಕಿಯೂ ಕೊಡುವ ಕಾಂತಸಂಕೇತವನ್ನು ಹಿಡಿದು ಅದು ಎಂಟೋ ಒಂಬತ್ತೋ ಎಂದು ತಿಳಿಯುತ್ತದೆ. ಮೇಲೆ ರಬ್ಬರ್ ಮುದ್ರೆ ಬಿದ್ದು ಅಂಕಿ ನಮ್ಮ ಕಣ್ಣಿಗೆ ಕಾಣದೆ ಹೋದರೂ ಯಂತ್ರಕ್ಕೆ ಅಡ್ಡಿಯಿಲ್ಲ. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿಯೂ ನೆನಪನ್ನು ಕಾಯುವುದು ಕಾಂತಗುಣವೇ. ಫಲಕದ ಮೇಲಿನ ಒಂದು ಚುಕ್ಕೆಯ ಕಾಂತ ಈ ಕಡೆಗೆ ಮುಖ ಮಾಡಿದ್ದರೆ ಒಂದು, ಆ ಕಡೆಗೆ ಮಾಡಿದ್ದರೆ ಸೊನ್ನೆ. ಒಬ್ಬ ವಿಧವೆಯ ಪಿಂಚಣಿ, ಒಬ್ಬ ಕೂಲಿಯವನ ಉಳಿತಾಯ, ಇವೆಲ್ಲ ಇಂಥ ಚುಕ್ಕೆಗಳ ನಿಷ್ಠೆಯನ್ನು ನಂಬಿಕೊಂಡಿವೆ.

ಈ ಚುಕ್ಕೆಗಳನ್ನು ಎಷ್ಟು ಚಿಕ್ಕದಾಗಿ ಮಾಡಬಹುದು? ಚಿಕ್ಕದಾದಷ್ಟೂ ಹೆಚ್ಚು ನೆನಪನ್ನು ಅಡಕಿಸಬಹುದು, ನಿಜ. ಆದರೆ ಒಂದು ಮಿತಿಯನ್ನು ದಾಟಿದರೆ, ಸುತ್ತಲಿನ ಶಾಖದ ತಳ್ಳಾಟಕ್ಕೇ ಆ ಪುಟ್ಟ ಕಾಂತವು ಮಗುಚಿ ಬೀಳುತ್ತದೆ, ಬರೆದಿಟ್ಟದ್ದು ಅಳಿಸಿಹೋಗುತ್ತದೆ. ಹಾಗಾದರೆ ಒಂದೇ ಒಂದು ಅಣು ಕಾಂತವಾಗಿ ನಿಂತು ನೆನಪನ್ನು ಕಾಯಬಲ್ಲದೆ? ಅಣುವನ್ನು ಗಾಳಿಯಲ್ಲಿ ತೇಲಿಬಿಟ್ಟು ಬರೆಯಲಾಗದು, ಓದಲೂ ಆಗದು. ಅದನ್ನು ಎಲ್ಲಾದರೂ ಕೂರಿಸಬೇಕು. ವಿದ್ಯುತ್ತಿನಿಂದ ಮುಟ್ಟಬೇಕಾದರೆ ಆ ನೆಲೆ ಸಾಮಾನ್ಯವಾಗಿ ಲೋಹವೇ ಆಗಿರುತ್ತದೆ. ಲೋಹದ ಮೇಲೆ ಕುಳಿತ ಅಣುವಿಗೆ ತನ್ನ ಕಾಂತಗುಣ ಉಳಿಯುತ್ತದೆಯೇ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಮೊದಲು ಕಾಂತಗುಣ ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ಪ್ರತಿಯೊಂದು ಎಲೆಕ್ಟ್ರಾನೂ ಹುಟ್ಟಿನಿಂದಲೇ ಒಂದು ಅತಿ ಸಣ್ಣ ಅಯಸ್ಕಾಂತ. ಪರಮಾಣುಗಳಲ್ಲಿಯೂ ಅಣುಗಳಲ್ಲಿಯೂ ಎಲೆಕ್ಟ್ರಾನುಗಳು ಬಹುಮಟ್ಟಿಗೆ ಜೋಡಿಜೋಡಿಯಾಗಿ ಇರುತ್ತವೆ. ಜೋಡಿಯಲ್ಲಿ ಒಂದು ಮೇಲ್ಮೊಗವಾದರೆ ಇನ್ನೊಂದು ಕೆಳಮೊಗ. ಜಮೆಯೂ ಖರ್ಚೂ ಸರಿಸಮವಾದರೆ ಶಿಲ್ಕು ಸೊನ್ನೆಯಾಗುವಂತೆ, ಅಂಥ ಜೋಡಿಯ ಕಾಂತಗುಣವೂ ಸೊನ್ನೆ. ಜೋಡಿ ಸಿಕ್ಕದ ಒಂಟಿ ಎಲೆಕ್ಟ್ರಾನು ಉಳಿದಲ್ಲಿ ಮಾತ್ರ ಶಿಲ್ಕು ಉಳಿಯುತ್ತದೆ. ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಒಂಟಿ ಎಲೆಕ್ಟ್ರಾನುಗಳಿವೆ. ಅದನ್ನು ತಣಿಸಿ ದ್ರವವನ್ನಾಗಿಸಿ ಬಲವಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಸುರಿದರೆ, ಆ ನಸುನೀಲಿ ದ್ರವ ಕೆಳಗೆ ಬೀಳದೆ ನಡುವೆಯೇ ಅಂಟಿ ನಿಲ್ಲುತ್ತದೆ. 1845ರಲ್ಲಿ ಮೈಕೆಲ್ ಫ್ಯಾರಡೆಯವರು ಗಾಜು, ಬಿಸ್ಮತ್ ಮೊದಲಾದ ಪದಾರ್ಥಗಳು ಅಯಸ್ಕಾಂತದಿಂದ ಮೆಲ್ಲನೆ ದೂರ ಸರಿಯುವುದನ್ನು ಕಂಡುಹಿಡಿದರು. ಕಬ್ಬಿಣವೊಂದೇ ಅಲ್ಲ, ಎಲ್ಲ ವಸ್ತುಗಳೂ ಹೆಚ್ಚೋ ಕಡಿಮೆಯೋ ಅಯಸ್ಕಾಂತದ ಮಾತಿಗೆ ಕಿವಿಗೊಡುತ್ತವೆ ಎಂಬ ತಿಳಿವು ಅಲ್ಲಿಂದ ಬೆಳೆಯಿತು.

ಈ ಶಾಸ್ತ್ರದಲ್ಲಿ ನಮ್ಮ ದೇಶದವರ ಪಾಲೂ ಉಂಟು. ಲಾಹೋರಿನಲ್ಲಿ ಪ್ರಾಧ್ಯಾಪಕರಾಗಿದ್ದ ಶಾಂತಿ ಸ್ವರೂಪ ಭಟ್ನಾಗರ್ ಅವರು ಮಾಥುರ್ ಅವರೊಡನೆ ಕೂಡಿ, ಪದಾರ್ಥಗಳ ಸೂಕ್ಷ್ಮವಾದ ಕಾಂತಗುಣವನ್ನು ಅಳೆಯುವ ತಕ್ಕಡಿಯೊಂದನ್ನು 1928ರಲ್ಲಿ ರಚಿಸಿದರು. ಇಬ್ಬರೂ ಸೇರಿ 1935ರಲ್ಲಿ ಕಾಂತರಸಾಯನವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು ಆ ವಿಷಯದ ಮೊದಲ ಗ್ರಂಥಗಳಲ್ಲಿ ಒಂದೆಂದು ಹೆಸರಾಯಿತು.

ಇನ್ನು ಒಂದು ಮುಖ್ಯ ಸಂಗತಿ. ಅಣುವಿನ ಕಾಂತಗುಣ ಅದರ ಹಣೆಯಲ್ಲಿ ಬರೆದಿಟ್ಟದ್ದಲ್ಲ. ಯಾರ ಜೊತೆ ಸೇರಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಇದಕ್ಕೆ ನಿದರ್ಶನ ನಮ್ಮ ರಕ್ತದಲ್ಲಿಯೇ ಇದೆ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಎಂಬ ವಿಜ್ಞಾನಿಗಳು ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ನಿನ ಕಾಂತಗುಣವನ್ನು ಅಳೆದರು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನು ಅಯಸ್ಕಾಂತದ ಕಡೆಗೆ ಎಳೆಯಲ್ಪಡುತ್ತದೆ. ಅದರ ಪ್ರತಿಯೊಂದು ಕಬ್ಬಿಣದಲ್ಲಿಯೂ ನಾಲ್ಕು ಒಂಟಿ ಎಲೆಕ್ಟ್ರಾನುಗಳಿವೆ. ಆಮ್ಲಜನಕದ ಅಣುವಿಗೂ ಸ್ವಂತದ ಎರಡುಂಟು. ಆದರೆ ಈ ಎರಡೂ ಕಾಂತವಸ್ತುಗಳು ಕೂಡಿದೊಡನೆ ಎಲ್ಲವೂ ಸರಿತೂಗಿ, ಶಿಲ್ಕು ಸೊನ್ನೆಯಾಗಿಬಿಡುತ್ತದೆ! ಇಂದು ಆಸ್ಪತ್ರೆಗಳಲ್ಲಿ ಮಿದುಳಿನ ಯಾವ ಭಾಗ ಚುರುಕಾಗಿದೆಯೆಂದು ಚಿತ್ರ ತೆಗೆಯುವ ವಿಧಾನವು ಇದೇ ವ್ಯತ್ಯಾಸವನ್ನು ಆಧರಿಸಿದೆ. ಅದನ್ನು 1990ರಲ್ಲಿ ತೋರಿಸಿಕೊಟ್ಟವರು ಸೈಜಿ ಒಗಾವ.

ರಕ್ತದಲ್ಲಿ ನಡೆಯುವ ಈ ಕೂಡುವಿಕೆ ಲೋಹದ ಮೇಲ್ಮೈಯಲ್ಲಿಯೂ ನಡೆಯುತ್ತದೆ. ಅನಿಲದ ಅಣುಗಳು ಘನವಸ್ತುವಿನ ಒಳಗೆ ಇಳಿಯದೆ ಹೊರಮೈಗೆ ಮಾತ್ರ ಹತ್ತಿಕೊಳ್ಳುವುದನ್ನು ಪಠ್ಯಪುಸ್ತಕಗಳು ಅಧಿಶೋಷಣೆ ಎನ್ನುತ್ತವೆ. ಸ್ಪಂಜು ನೀರನ್ನು ಕುಡಿಯುವುದು ಶೋಷಣೆ. ಕುಡಿಯುವ ನೀರಿನ ಶೋಧಕದಲ್ಲಿರುವ ಇದ್ದಿಲು ದುರ್ವಾಸನೆಯ ಅಣುಗಳನ್ನು ತನ್ನ ಮೈಗೆ ಹತ್ತಿಸಿಕೊಳ್ಳುವುದು ಅಧಿಶೋಷಣೆ. ಇದರಲ್ಲಿ ಎರಡು ಬಗೆ. ಒಂದು, ಛತ್ರದಲ್ಲಿ ರಾತ್ರಿ ಕಳೆದು ಹೋಗುವ ಪ್ರಯಾಣಿಕನಂತೆ ಸಡಿಲವಾದ ನಂಟು. ಇನ್ನೊಂದು, ಎಲೆಕ್ಟ್ರಾನುಗಳನ್ನೇ ಕೊಟ್ಟು ತೆಗೆದುಕೊಳ್ಳುವ ಗಟ್ಟಿಯಾದ ರಾಸಾಯನಿಕ ಬಂಧ. ಈ ಗಟ್ಟಿ ನಂಟು ಲೋಹವನ್ನೂ ಬಿಡುವುದಿಲ್ಲ. ನಿಕ್ಕಲ್ಲಿನ ನುಣ್ಣನೆಯ ಕಣಗಳಿಗೆ ಜಲಜನಕ ಹತ್ತಿಕೊಂಡಾಗ ನಿಕ್ಕಲ್ಲಿನ ಕಾಂತತ್ವವೇ ಕುಗ್ಗುವುದನ್ನು ಅಮೆರಿಕದ ಪಿಯರ್ಸ್ ಸೆಲ್‌ವುಡ್ ಅವರು ವರ್ಷಗಟ್ಟಲೆ ಅಳೆದು, 1962ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅಂದರೆ, ಬಂದು ನೆಲೆಸಿದವನು ಬದಲಾಗುವಂತೆ ನೆಲೆ ಕೊಟ್ಟವನೂ ಬದಲಾಗುತ್ತಾನೆ.

ಲೋಹವೆಂದರೆ ಏನು? ಅಲ್ಲಿ ಎಲೆಕ್ಟ್ರಾನುಗಳು ಯಾವೊಂದು ಪರಮಾಣುವಿಗೂ ಕಟ್ಟುಬೀಳದೆ ಕಡಲಿನಂತೆ ಹರಿದಾಡುತ್ತಿರುತ್ತವೆ. ಅಂಥ ಕಡಲಿನ ದಡದಲ್ಲಿ ಒಂದು ಪುಟ್ಟ ಕಾಂತವನ್ನು ಇಟ್ಟರೆ ಅದಕ್ಕೆ ನೆಮ್ಮದಿಯಿರದು. ನಮ್ಮ ಮುಂಬಯಿಯ ಒಂದು ಹಳೆಯ ಸಂಗತಿ ಇಲ್ಲಿ ನೆನಪಾಗುತ್ತದೆ. ಕುಲಾಬಾದ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಗುಣವನ್ನು ಸೂಕ್ಷ್ಮವಾದ ಸೂಜಿಗಳಿಂದ ಅಳೆಯುತ್ತಿದ್ದರು. ಊರಿಗೆ ವಿದ್ಯುತ್ ಟ್ರಾಮು ಬರುವುದೆಂದು ಗೊತ್ತಾದಾಗ, ಅದರ ವಿದ್ಯುತ್ ಪ್ರವಾಹ ಸೂಜಿಗಳನ್ನು ಕೆಡಿಸುವುದೆಂದು ತಿಳಿದು, ಕಡಲಾಚೆಯ ಅಲಿಬಾಗಿನಲ್ಲಿ 1904ರಲ್ಲಿ ಹೊಸ ವೀಕ್ಷಣಾಲಯವನ್ನು ತೆರೆದರು. ಸೂಜಿಯನ್ನು ಅಲಿಬಾಗಿಗೆ ಸಾಗಿಸಿದರು. ಆದರೆ ಲೋಹದ ಮೇಲೆ ಕುಳಿತ ಅಣು ಎಲ್ಲಿಗೆ ಹೋದೀತು?

ಈ ಪರೀಕ್ಷೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಅಣುವೊಂದನ್ನು ತಮಗೆ ಪರಿಚಯ ಮಾಡಿಕೊಡಬೇಕು. ಅದರ ಹೆಸರು ಥಾಲೊಸಯನೀನ್. ಹೆಸರು ಅಪರಿಚಿತವಾದರೂ ಬಣ್ಣ ನಮಗೆಲ್ಲ ಪರಿಚಿತ: ಅಚ್ಚಿನ ಮನೆಯ ನೀಲಿ ಮಸಿಯ ಬಣ್ಣವೇ ತಾಮ್ರದ ಥಾಲೊಸಯನೀನ್. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಬಿಳಿಯ ರಾಸಾಯನಿಕವೊಂದನ್ನು ತಯಾರಿಸುತ್ತಿದ್ದಾಗ, ಪಾತ್ರೆಯ ಗಾಜಿನ ಒಳಪದರ ಬಿರುಕು ಬಿಟ್ಟು, ಒಳಗಿನ ದ್ರವ್ಯ ಕಬ್ಬಿಣವನ್ನು ಮುಟ್ಟಿ, ನೀಲಿ ವಸ್ತುವೊಂದು ಹುಟ್ಟಿಕೊಂಡಿತು. ಪಾತ್ರೆಯ ಕಬ್ಬಿಣವೇ ಅಣುವಿನ ನಡುವೆ ಹೋಗಿ ಕುಳಿತಿತ್ತು. 1935ರ ಹೊತ್ತಿಗೆ ತಾಮ್ರದ ರೂಪವು ಬಣ್ಣವಾಗಿ ಅಂಗಡಿಗೆ ಬಂದಿತು. ಈ ಅಣುವಿನ ಆಕಾರ ಅಂಗಳದಲ್ಲಿ ಬರೆದ ನಾಲ್ಕೆಸಳಿನ ರಂಗೋಲಿಯಂತೆ ಚಪ್ಪಟೆ. ನಟ್ಟನಡುವೆ ಒಂದು ಲೋಹದ ಪರಮಾಣು. ರಕ್ತದ ಕೆಂಪಿಗೂ ಎಲೆಯ ಹಸುರಿಗೂ ಕಾರಣವಾದ ಅಣುಗಳು ಇದರ ದಾಯಾದಿಗಳು. ನಡುವೆ ತಾಮ್ರವನ್ನೋ ಕೋಬಾಲ್ಟನ್ನೋ ಇಟ್ಟರೆ ಒಂದು ಒಂಟಿ ಎಲೆಕ್ಟ್ರಾನು, ಕಬ್ಬಿಣವನ್ನಿಟ್ಟರೆ ಎರಡು, ಮ್ಯಾಂಗನೀಸನ್ನಿಟ್ಟರೆ ಮೂರು. ನಿಕ್ಕಲ್ಲನ್ನೋ ಸತುವನ್ನೋ ಇಟ್ಟರೆ ಒಂದೂ ಇಲ್ಲ. ಇಷ್ಟು ಅಚ್ಚುಕಟ್ಟಾದ ಲೆಕ್ಕ ಇನ್ನೆಲ್ಲಿ ಸಿಕ್ಕೀತು?

ಒಂದೇ ಅಣುವನ್ನು ನೋಡುವುದು ಹೇಗೆ? 1981ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್‌ರಿಕ್ ರೋರರ್ ಎಂಬುವರು ಹೊಸ ಬಗೆಯ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. 1986ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನದ ಪಾಲು ಪಡೆದರು. ಅದರಲ್ಲಿ ಮಸೂರವಿಲ್ಲ, ಅತಿ ಚೂಪಾದ ಸೂಜಿಯೊಂದಿದೆ. ಸೂಜಿಯ ತುದಿಯನ್ನು ಮೇಲ್ಮೈಗೆ ತಾಗಿಯೂ ತಾಗದಂತೆ ಹಿಡಿದರೆ ನಡುವಣ ಸಂದನ್ನು ಎಲೆಕ್ಟ್ರಾನುಗಳು ನುಸುಳಿ ದಾಟುತ್ತವೆ. ಸಂದು ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನಷ್ಟು ಹೆಚ್ಚಿದರೂ ಆ ಪ್ರವಾಹ ಸುಮಾರು ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಆದಕಾರಣ ಕುರುಡರು ಬೆರಳಿನಿಂದ ಓದುವಂತೆ ಈ ಸೂಜಿ ಪರಮಾಣುಗಳನ್ನು ಓದುತ್ತದೆ.

ಇನ್ನು ಅಣುವಿನ ಗತಿಯನ್ನು ನೋಡೋಣ. ಲೋಹದ ಮೇಲೆ ಕುಳಿತ ಅಣುವಿಗೆ ಹಲವು ಗತಿಗಳುಂಟು.

ಮೊದಲನೆಯದು ಅಳಿಯುವುದು. ಕೋಬಾಲ್ಟಿನ ಥಾಲೊಸಯನೀನನ್ನು ಚಿನ್ನದ ಮೇಲೆ ಚಪ್ಪಟೆಯಾಗಿ ಮಲಗಿಸಿದಾಗ, ಅದರ ಕಾಂತಗುಣ ಕಾಣದೆ ಹೋಗುತ್ತದೆ. ಕೋಬಾಲ್ಟಿನ ಎಲೆಕ್ಟ್ರಾನುಗಳು ಚಿನ್ನದ ಎಲೆಕ್ಟ್ರಾನುಗಳೊಡನೆ ಬೆರೆತು, ಒಂಟಿಯ ಒಂಟಿತನ ಅಲ್ಲಿಗೆ ಮುಗಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಖಾತೆ ಮುಚ್ಚಿತು.

ಎರಡನೆಯದು ಮರೆಯಾಗುವುದು. ಇದರ ಕಥೆ ಸ್ವಾರಸ್ಯವಾದದ್ದು. ಲೋಹವನ್ನು ತಣಿಸುತ್ತ ಹೋದಂತೆ ಅದರ ವಿದ್ಯುತ್ ತಡೆ ಇಳಿಯಬೇಕು. 1934ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಡ ಹಾಸ್ ಮತ್ತು ಅವರ ಸಂಗಡಿಗರು ಚಿನ್ನದ ತಂತಿಯನ್ನು ಅತಿ ಶೀತಕ್ಕೆ ಒಯ್ದಾಗ, ತಡೆಯು ಇಳಿದಿಳಿದು ಕಡೆಗೆ ಮತ್ತೆ ಏರತೊಡಗಿತು. ಮೂವತ್ತು ವರ್ಷ ಇದಕ್ಕೆ ಸರಿಯಾದ ಉತ್ತರ ಸಿಕ್ಕಲಿಲ್ಲ. 1964ರಲ್ಲಿ ಜಪಾನಿನ ಜುನ್ ಕೊಂಡೊ ಲೆಕ್ಕ ಹಾಕಿ ತೋರಿಸಿದರು: ಚಿನ್ನದಲ್ಲಿ ಬೆರಕೆಯಾಗಿ ಉಳಿದ ಕಬ್ಬಿಣದಂಥ ಪರಮಾಣುಗಳ ಒಂಟಿ ಎಲೆಕ್ಟ್ರಾನುಗಳೇ ಇದಕ್ಕೆ ಕಾರಣ, ಶೀತ ಹೆಚ್ಚಿದಂತೆ ಅವು ಹರಿದುಬರುವ ಎಲೆಕ್ಟ್ರಾನುಗಳನ್ನು ಇನ್ನಷ್ಟು ಬಲವಾಗಿ ಚದರಿಸುತ್ತವೆ. ಇನ್ನೂ ತಣ್ಣಗಾದಾಗ ಲೋಹದ ಎಲೆಕ್ಟ್ರಾನುಗಳು ಆ ಒಂಟಿಯ ಸುತ್ತ ಮೋಡದಂತೆ ನೆರೆದು, ಅದಕ್ಕೆ ಎದುರುಮುಖವಾಗಿ ನಿಂತು, ಹೊರಗಿನವರಿಗೆ ಅದರ ಕಾಂತಗುಣ ಕಾಣದಂತೆ ಮಾಡುತ್ತವೆ. ಇಲ್ಲಿ ಖಾತೆ ಮುಚ್ಚಿಲ್ಲ. ಜಮೆಗೆ ಎದುರಾಗಿ ಅಷ್ಟೇ ಮೊತ್ತದ ಖರ್ಚು ಬಿದ್ದಿದೆ. ಶಿಲ್ಕು ಎರಡರಲ್ಲಿಯೂ ಸೊನ್ನೆಯೇ. ಆದರೆ ಖಾತೆ ಮುಚ್ಚುವುದಕ್ಕೂ ಎದುರು ನಮೂದಿಗೂ ಇರುವ ಭೇದ ಲೆಕ್ಕ ಬರೆಯುವವರಿಗೆ ಚೆನ್ನಾಗಿ ಗೊತ್ತು! 1998ರಲ್ಲಿ ಎರಡು ತಂಡಗಳು, ಒಂದು ಚಿನ್ನದ ಮೇಲೆ ಕೋಬಾಲ್ಟಿನ ಪರಮಾಣುವನ್ನೂ ಮತ್ತೊಂದು ಬೆಳ್ಳಿಯ ಮೇಲೆ ಸೀರಿಯಮ್ ಪರಮಾಣುವನ್ನೂ ಇಟ್ಟು, ಈ ಮೋಡದ ಗುರುತನ್ನು ಸೂಜಿಯ ಸೂಕ್ಷ್ಮದರ್ಶಕದಿಂದ ಒಂದೊಂದೇ ಪರಮಾಣುವಿನ ಮೇಲೆ ಓದಿದವು.

ಮೂರನೆಯದು ಮರಳಿ ಬರುವುದು. 2005ರಲ್ಲಿ ಚೀನದ ಹೆಫೈ ನಗರದ ವಿಜ್ಞಾನಿಗಳು, ಚಿನ್ನದ ಮೇಲೆ ಕಾಂತಗುಣ ಕಳೆದುಕೊಂಡು ಮಲಗಿದ್ದ ಅದೇ ಕೋಬಾಲ್ಟ್ ಅಣುವನ್ನು ತೆಗೆದುಕೊಂಡರು. ಸೂಜಿಯ ತುದಿಯಿಂದ ವಿದ್ಯುತ್ತಿನ ಪೆಟ್ಟು ಕೊಟ್ಟು, ನಾಲ್ಕು ಎಸಳುಗಳ ಅಂಚಿನಿಂದ ಒಟ್ಟು 8 ಜಲಜನಕದ ಪರಮಾಣುಗಳನ್ನು ಕಿತ್ತರು. ಎಸಳುಗಳ ತುದಿಗಳು ಚಿನ್ನಕ್ಕೆ ಬಿಗಿಯಾಗಿ ಕಚ್ಚಿಕೊಂಡವು. ನಡುವಣ ಕೋಬಾಲ್ಟು ಕಮಾನಿನಂತೆ ಮೇಲೆದ್ದಿತು. ಒಡನೆಯೇ ಕೊಂಡೊ ಮೋಡದ ಗುರುತು ಎದ್ದು ಕಂಡಿತು. ಅಂದರೆ ಕಾಂತಗುಣ ಮರಳಿತ್ತು. ಆ ಗುರುತಿನ ಬಲವನ್ನು ಉಷ್ಣತೆಯ ಮಾಪನದಲ್ಲಿ ಹೇಳುವುದಾದರೆ ಸುಮಾರು 200 ಕೆಲ್ವಿನ್. ಚಿನ್ನದ ಮೇಲಿನ ಬರಿಯ ಕೋಬಾಲ್ಟ್ ಪರಮಾಣುವಿನಲ್ಲಿ ಅದು 75ರಷ್ಟು ಮಾತ್ರ.

ನಾಲ್ಕನೆಯದು ಹೊಸದಾಗಿ ಪಡೆಯುವುದು. ನಿಕ್ಕಲ್ಲಿನ ಥಾಲೊಸಯನೀನಿಗೆ ಸ್ವಂತ ಕಾಂತಗುಣವಿಲ್ಲವೆಂದೆ. 2011ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಸಂಶೋಧನೆಯಂತೆ, ಅದನ್ನು ಬೆಳ್ಳಿಯ ಮೇಲೆ ಇಟ್ಟಾಗ ಬೆಳ್ಳಿಯಿಂದ ಒಂದು ಎಲೆಕ್ಟ್ರಾನು ಅಣುವಿನ ಎಸಳುಗಳಿಗೆ ದಾಟಿ, ಅಲ್ಲಿ ಒಂಟಿಯಾಗಿ ನಿಂತು, ಅಣುವನ್ನು ಕಾಂತವನ್ನಾಗಿ ಮಾಡಿತು. ತಾನು ತಾರದ ಗುಣವನ್ನು ಅಣು ನೆಲೆಯಿಂದ ಪಡೆಯಿತು.

ಐದನೆಯದು ಅನುಸರಿಸುವುದು. ನಿಕ್ಕಲ್ ಅಥವಾ ಕೋಬಾಲ್ಟಿನಂಥ ಕಾಂತಲೋಹದ ತೆಳುಪದರದ ಮೇಲೆ ಕಬ್ಬಿಣದ ಪಾರ್ಫಿರಿನ್ ಅಣುಗಳನ್ನು ಇಟ್ಟು 2007ರಲ್ಲಿ ಪರೀಕ್ಷಿಸಿದಾಗ, ಪದರದ ಕಾಂತ ತಿರುಗಿದ ಕಡೆಗೇ ಅಣುಗಳ ಕಾಂತವೂ ತಿರುಗಿತು. 2010ರಲ್ಲಿ ಸ್ವಿಸ್ ವಿಜ್ಞಾನಿಗಳು ಕೋಬಾಲ್ಟಿನ ಅಂಥ ಅಣುವಿನ ನೆತ್ತಿಗೆ ನೈಟ್ರಿಕ್ ಆಕ್ಸೈಡ್ ಅನಿಲದ ಒಂದು ಅಣುವನ್ನು ಅಂಟಿಸಿದರು, ಕಾಂತಗುಣ ಆರಿತು. ಬಿಸಿ ಮಾಡಿ ಅನಿಲವನ್ನು ಓಡಿಸಿದರು. ಕಾಂತಗುಣ ಮತ್ತೆ ಹೊತ್ತಿತು. ರಕ್ತದಲ್ಲಿ ಆಮ್ಲಜನಕ ಮಾಡುವ ಆಟದ ಜಾತಿಯದೇ ಇದು.

ಕೊನೆಯದು ಉಳಿಸಿಕೊಳ್ಳುವುದು, ನಾವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. 1993ರಲ್ಲಿ ಇಟಲಿಯ ರೊಬೆರ್ತಾ ಸೆಸ್ಸೊಲಿ ಮತ್ತು ದಾಂತೆ ಗತ್ತೆಸ್ಕಿ ಅವರ ತಂಡ, 12 ಮ್ಯಾಂಗನೀಸ್ ಪರಮಾಣುಗಳುಳ್ಳ ಅಣುವೊಂದು ಅತಿ ಶೀತದಲ್ಲಿ ತಾನೊಂದೇ ನೆನಪಿಟ್ಟುಕೊಳ್ಳಬಲ್ಲ ಕಾಂತವೆಂದು ತೋರಿಸಿತು. ಆದರೆ ಅದು ಹರಳಿನಲ್ಲಿದ್ದಾಗಿನ ಮಾತು. ಲೋಹದ ಮೇಲೆ? 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳುಳ್ಳ ಅಣುವನ್ನು, ಗಂಧಕವುಳ್ಳ ಉದ್ದನೆಯ ಸರಪಣಿಯ ಮೂಲಕ ಚಿನ್ನಕ್ಕೆ ಕಟ್ಟಿದರು. ಚಿನ್ನದ ಮೇಲಿದ್ದೂ ಅಣು ತನ್ನ ನೆನಪನ್ನು ಬಿಡಲಿಲ್ಲ. ಉಷ್ಣತೆ ಮಾತ್ರ ಒಂದು ಕೆಲ್ವಿನ್ನಿಗಿಂತ ಕೆಳಗಿತ್ತು. 2016ರಲ್ಲಿ ಬೆಳ್ಳಿಯ ಮೇಲೆ ಮೆಗ್ನೀಸಿಯಮ್ ಆಕ್ಸೈಡಿನ ತೆಳ್ಳನೆಯ ಪದರವನ್ನು ಹಾಸಿ, ಅದರ ಮೇಲೆ ಟರ್ಬಿಯಮ್ ಎಂಬ ಅಪರೂಪದ ಲೋಹವನ್ನು ಎರಡು ಥಾಲೊಸಯನೀನುಗಳ ನಡುವೆ ಹೊತ್ತ ಅಣುಗಳನ್ನು ಕೂರಿಸಿದರು. ನೇರವಾಗಿ ಲೋಹದ ಮೇಲೆ ಕುಳಿತಾಗ ತೋರಿಸಿದ್ದಕ್ಕಿಂತ ಬಹಳ ಹೆಚ್ಚಿನ ನೆನಪನ್ನು ಅವು ತೋರಿಸಿದವು.

ಇದರಿಂದ ನಾಳೆಯೇ ಬ್ಯಾಂಕಿನ ಲೆಕ್ಕವೆಲ್ಲ ಅಣುವಿನ ಮೇಲೆ ಬರೆಯಲ್ಪಡುವುದೆಂದು ನಾನು ಹೇಳಲಾರೆ. ಒಂದು ಕೆಲ್ವಿನ್ ಎಂದರೆ ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ 272 ಡಿಗ್ರಿ ಕೆಳಗೆ. ಮುಂಬಯಿಯ ಮಧ್ಯಾಹ್ನವಾದರೋ 300 ಕೆಲ್ವಿನ್ನಿಗೂ ಮೇಲೆ. 2018ರಲ್ಲಿ ಡಿಸ್‌ಪ್ರೋಸಿಯಮ್ಮಿನ ಅಣುವೊಂದು ಹರಳಿನ ರೂಪದಲ್ಲಿ 80 ಕೆಲ್ವಿನ್ನಿನವರೆಗೆ ನೆನಪನ್ನು ಕಾಯ್ದುಕೊಂಡಿತು. ಅಗ್ಗದ ದ್ರವ ಸಾರಜನಕದಿಂದ 77 ಕೆಲ್ವಿನ್ನಿಗೆ ತಣಿಸಬಹುದಾದ್ದರಿಂದ ಇದು ದೊಡ್ಡ ಹೆಜ್ಜೆಯೇ. ಆದರೆ ಹರಳಿನಲ್ಲಿ ಗೆದ್ದದ್ದು ಲೋಹದ ಮೇಲೆಯೂ ಗೆಲ್ಲಬೇಕು. ಇಲ್ಲಿ ಇನ್ನೊಂದು ತೊಡಕುಂಟು. ನಡುವೆ ದಪ್ಪನೆಯ ಪದರವನ್ನು ಹಾಸಿದಷ್ಟೂ ಅಣುವಿನ ಗುಣ ಉಳಿಯುತ್ತದೆ; ಆದರೆ ವಿದ್ಯುತ್ತಿನಿಂದ ಅದನ್ನು ಓದುವುದು ಕಷ್ಟವಾಗುತ್ತದೆ. ಪದರವೇ ಇಲ್ಲದಿದ್ದರೆ ಸಂಪರ್ಕ ಸುಲಭ, ಗುಣಕ್ಕೆ ಅಪಾಯ. ಎಷ್ಟು ಅಂತರವಿರಬೇಕೆಂಬುದೇ ಈ ವಿದ್ಯೆಯ ತಿರುಳು.

ಹೊರನಾಡಿನಲ್ಲಿ ಮನೆ ಮಾಡಿರುವ ನಮಗೆ ಈ ಮಾತನ್ನು ಕೇಳಿ ಬೇರೇನೋ ನೆನಪಾದರೆ ಅದು ಸಹಜ. ಅಳಿಯುವವರು, ಮರೆಯಾಗುವವರು, ಹೊಸದನ್ನು ಪಡೆಯುವವರು, ಉಳಿಸಿಕೊಳ್ಳುವವರು, ಎಲ್ಲರೂ ನಮ್ಮ ನಡುವೆ ಇದ್ದಾರೆ. ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅಣುವಿಗೆ ಮನಸ್ಸಿಲ್ಲ, ತನ್ನ ನೆಲೆಯನ್ನಾಗಲಿ ಅಂತರವನ್ನಾಗಲಿ ಅದು ಆರಿಸಿಕೊಳ್ಳಲಾರದು. ನಾವು ಆರಿಸಿಕೊಳ್ಳಬಲ್ಲೆವು. ಆದ್ದರಿಂದ ನಮ್ಮ ಹೊಣೆಯನ್ನು ನೆಲದ ಮೇಲೆ ಹೊರಿಸುವಂತಿಲ್ಲ.

ಕಡೆಯದಾಗಿ ಒಂದು ಮಾತು. ಇಂಥ ವಿಷಯವನ್ನು ಕನ್ನಡದಲ್ಲಿ ಹೇಳಲಾದೀತೇ ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ ಇದಕ್ಕೆ ಉತ್ತರ ಕೊಟ್ಟರು. ಅಣುಗಳು ಲೋಹದ ಮೇಲ್ಮೈಗೆ ಹೇಗೆ ಹತ್ತಿಕೊಳ್ಳುತ್ತವೆಂಬುದನ್ನು ಎಲೆಕ್ಟ್ರಾನುಗಳ ಮೂಲಕ ಪರಿಶೀಲಿಸಿದವರಲ್ಲಿ, 2014ರಲ್ಲಿ ಭಾರತರತ್ನವನ್ನು ಸ್ವೀಕರಿಸಿದ ಸಿ. ಎನ್. ಆರ್. ರಾವ್ ಅವರು ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡಿಗರು. ಸೂಜಿಗಲ್ಲು ಎಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ಇದೆ. ಎಲೆಕ್ಟ್ರಾನನ್ನು ನಾವು ಹೊರಗಿನಿಂದ ತಂದುಕೊಂಡೆವು. ಎರಡೂ ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಕುಳಿತವು; ತಾವೂ ಇಷ್ಟು ಹೊತ್ತು ಕೇಳಿದಿರಿ. ಮನೆಗೆ ಹೋದ ಮೇಲೆ ಇದರಲ್ಲಿ ಒಂದು ಸಂಗತಿಯನ್ನಾದರೂ ಮಕ್ಕಳಿಗೆ ಕನ್ನಡದಲ್ಲಿ ಹೇಳಿ ನೋಡಬೇಕೆಂದು ನನ್ನ ಪ್ರಾರ್ಥನೆ. ಮಾತು ತಡವರಿಸಿದರೆ ಚೆಕ್ಕಿನ ಸಾಲಿನಿಂದ ಮೊದಲುಮಾಡಿ. ಅದು ಎಲ್ಲರ ಮನೆಯಲ್ಲಿಯೂ ಇದೆ.